ನರ್ಸಮ್ಮ ಹಟ್ಟಿಗೆ ಮರಳಿ ಹೋದ ಗುರುವಾರ

ಶಾಂತಕುಮಾರಿ ಚಳ್ಳಕೆರೆಯವಳು. ತಂದೆ ದೇವದಾಸಪ್ಪ ವಾರವೆಲ್ಲ ಎಣ್ಣೆ ಗಿರಣಿಯಲ್ಲಿ ದುಡಿದು, ಭಾನುವಾರ ಬಿಳಿ ಅಂಗಿ ತೊಟ್ಟು ಚರ್ಚಿನ ಸಭೆಯಲ್ಲಿ ಬೈಬಲ್ ವಾಕ್ಯ ಓದುತ್ತಿದ್ದವರು. ಬೆಳಿಗ್ಗೆ ಎದ್ದು ಒಂದು ಭಾಗ ಓದಬೇಕು, ಓದಿದಂತೆ ಅಂದೇ ನಡೆಯಬೇಕು ಎಂಬುದು ಆ ಮನೆಯ ಕಟ್ಟಳೆ. "ನಿಂಗೆ ಬೇಕಾದ್ದು ಹುಡುಕ್ಬ್ಯಾಡಮ್ಮ, ಸಾಲಾಗಿ ಓದ್ಕೊಂಡು ಹೋಗು. ಬ್ಯಾಡಾದ್ದೂ ಬರ್ತೈತೆ, ಅದನ್ನೂ ಓದು" ಎನ್ನುತ್ತಿದ್ದರು.

1998ರ ಬೇಸಿಗೆಯಲ್ಲಿ ಆಕೆ ಬಿ.ಜಿ. ಕೆರೆ ಕಡೆ ಸರ್ಕಾರಿ ನರ್ಸು. ಒಂದು ಗುರುವಾರ, ಮೂರು ಮೈಲಿ ಒಳಗಿರುವ ಹಟ್ಟಿಯೊಂದರಲ್ಲಿ ಮಕ್ಕಳಿಗೆ ದಡಾರದ ಚುಚ್ಚುಮದ್ದು ಹಾಕಿ ಮಧ್ಯಾಹ್ನ ಮನೆಗೆ ಬಂದಳು. ಐಸ್ ಡಬ್ಬಿ ತೊಳೆಯಲು ತೆಗೆದರೆ ಒಳಗೆ ಔಷಧಿಯ ಎರಡು ಖಾಲಿ ಸೀಸೆ. ಒಂದು ಅಂದಿನದು. ಇನ್ನೊಂದರ ಮೇಲೆ ಅವಳದೇ ಕೈಬರಹದಲ್ಲಿ ಹಿಂದಿನ ದಿನದ ತಾರೀಖು.

ಆ ಮದ್ದಿನ ಪುಡಿಗೆ ನೀರು ಬೆರೆಸಿದ ಮೇಲೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಇಟ್ಟರೆ ಕೆಟ್ಟು ವಿಷವಾಗುತ್ತದೆ. ನಿನ್ನೆ ಅರ್ಧ ಉಳಿದಿದ್ದ ಸೀಸೆಯನ್ನು ಎಸೆಯಲು ಅವಳು ಮರೆತಿದ್ದಳು. ಇಂದು ಗದ್ದಲದಲ್ಲಿ ಕೊನೆಯ ಮೂರು ಮಕ್ಕಳಿಗೆ ಅದರದ್ದೇ ಹಾಕಿದ್ದಳು.

ಓಡಿಹೋಗಿ ಮೇಲ್ವಿಚಾರಕಿ ರಾಧಮ್ಮನಿಗೆ ಹೇಳಿದಳು.

"ಮೊದ್ಲು ಬಾಗಿಲು ಹಾಕು" ಎಂದರು ರಾಧಮ್ಮ. "ಯಾರಿಗೂ ಹೇಳಿಲ್ಲ ತಾನೆ? ಸುಮ್ನಿರು. ನೂರಕ್ಕೆ ತೊಂಬತ್ತು ಪಾಲು ಏನೂ ಆಗಲ್ಲ. ಹೇಳಿದ್ರೆ ನಿನ್ ಕೆಲ್ಸ ಹೋಗ್ತೈತೆ, ನನ್ದೂ ಹೋಗ್ತೈತೆ. ಆ ಹಟ್ಟಿಯೋರು ನಿನ್ನ ಜೀವಸಹಿತ ಬಿಡ್ತಾರಾ?"

ಮನೆಗೆ ಬಂದು ಸತ್ಯವೇದ ತೆರೆದಳು. ಬೆಳಿಗ್ಗೆ ಓದಿದ್ದು ಒಂದು ಕೀರ್ತನೆ: ಮನಸಾರೆ ಸತ್ಯ ನುಡಿಯುವವನು, ತನಗೆ ನಷ್ಟವಾದರೂ ನುಡಿಗೆ ತಪ್ಪದವನೇ ದೇವರ ಬೆಟ್ಟದ ಮೇಲೆ ನಿಲ್ಲುತ್ತಾನೆ ಎನ್ನುವುದು. ಆ ಪುಟ ಬೇಡವಾಗಿತ್ತು. ಹಾಳೆ ತಿರುವಿದಳು, ಮತ್ತೆ ತಿರುವಿದಳು. ದೇವರೇ ಕಾಯುವನು, ನೀವು ಸುಮ್ಮನಿರಿ ಎಂಬರ್ಥದ ಒಂದು ಮಾತು ಸಿಕ್ಕಿತು. ಎದೆ ಹಗುರಾಯಿತು. ಇದೇ ಉತ್ತರ ಎಂದುಕೊಂಡಳು. ಮರುಗಳಿಗೆಯೇ ನಾಚಿಕೆಯಾಯಿತು. ರಾಧಮ್ಮನ ಮಾತನ್ನೇ ದೇವರ ಬಾಯಿಂದ ಹೇಳಿಸಲು ಹೊರಟಿದ್ದೇನಲ್ಲ! ಪುಸ್ತಕ ಮುಚ್ಚಿ ಚಪ್ಪಲಿ ಮೆಟ್ಟಿದಳು.

ಬಿಸಿಲಿನಲ್ಲಿ ಮೂರು ಮೈಲಿ. ದಾರಿಯುದ್ದಕ್ಕೂ ಪ್ರಾರ್ಥನೆ ಬಾಯಿಗೆ ಬರಲಿಲ್ಲ. "ಅಪ್ಪಾ, ಅಪ್ಪಾ" ಎಂಬುದಷ್ಟೇ ಬಂತು.

ಮೊದಲೆರಡು ಮನೆಗಳಲ್ಲಿ ಕೂಸುಗಳು ಆಡುತ್ತಿದ್ದವು. ನಡೆದದ್ದನ್ನು ಹೇಳಿ, ವಾಂತಿ, ಭೇದಿ, ಜ್ವರ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೊರಡಿ ಎಂದಳು. ಬೈಗುಳ ಬೆನ್ನಿಗೆ ಬಿದ್ದವು. ಮೂರನೆಯದು ಹುಚ್ಚಕ್ಕ ಎಂಬ ಮುದುಕಿಯ ಮನೆ. ಹತ್ತು ತಿಂಗಳ ಮೊಮ್ಮಗಳು ಅವಳ ತೊಡೆಯ ಮೇಲೆ ಬಾಡಿದ ಸೊಪ್ಪಿನಂತೆ ಬಿದ್ದಿದ್ದಳು. ಮೈ ಕೆಂಡ.

"ಯಾವಾಗಿಂದ ಹಿಂಗೈತೆ?"

"ಊಟದ ಹೊತ್ತಿಂದ ಮೂರು ಸಲ ಕಾರ್ಕೊಂಡೈತೆ. ಸೂಜಿ ಹಾಕಿದ್ರೆ ಜ್ವರ ಬರ್ತೈತೆ, ಹೆದರ್ಬ್ಯಾಡ್ರಿ ಅಂತ ನೀವೇ ಅಂದಿದ್ರಲ್ಲ ನರ್ಸಮ್ಮ? ಅದಕ್ಕೇ ಬೆಳಗಾಗ್ಲಿ ಅಂತ ಕುಂತಿದ್ವಿ."

"ಇದು ಆ ಜ್ವರ ಅಲ್ಲಮ್ಮ. ನಾನು ಕೆಟ್ಟ ಔಷಧಿ ಹಾಕಿದೀನಿ. ತಪ್ಪು ನನ್ದು. ಈಗ್ಲೇ ಚಳ್ಳಕೆರೆಗೆ ಹೊರಡ್ಬೇಕು."

ಕೂಸಿನ ಅಪ್ಪ ದುರುಗೇಶ್ ಬಾಗಿಲಲ್ಲಿದ್ದ. ನುಗ್ಗಿಬಂದು ಅವಳ ರಟ್ಟೆ ಹಿಡಿದ. "ಏನಂದೆ? ನನ್ ಮಗೀಗೆ ವಿಷ ಹಾಕಿದ್ಯಾ?" ಕೈ ಮೇಲೆದ್ದಿತ್ತು. ಅವಳು ತಪ್ಪಿಸಿಕೊಳ್ಳಲಿಲ್ಲ.

"ಲೇ, ಹೊಡಿಯಾದು ಆಮ್ಯಾಲೆ ಹೊಡಿಯೀಯಂತೆ!" ಹುಚ್ಚಕ್ಕ ಕಿರುಚಿದಳು. "ಮೊದ್ಲು ಗಾಡಿ ತಗಿ!"

ದುರುಗೇಶನ ಮೊಪೆಡ್‌ನಲ್ಲಿ ಬಿ.ಜಿ. ಕೆರೆವರೆಗೆ, ಅಲ್ಲಿಂದ ಬಳ್ಳಾರಿ ಕಡೆಯಿಂದ ಬಂದ ಲಾರಿಯಲ್ಲಿ ಚಳ್ಳಕೆರೆಗೆ. ಕೂಸನ್ನು ಎತ್ತಿಕೊಳ್ಳಲು ದುರುಗೇಶ್ ಅವಳಿಗೆ ಬಿಡಲಿಲ್ಲ, ಬಟ್ಟೆಯಲ್ಲಿ ತನ್ನ ಎದೆಗೇ ಕಟ್ಟಿಕೊಂಡಿದ್ದ. ಕೂಸು ಅಳುವುದನ್ನೂ ನಿಲ್ಲಿಸಿತ್ತು. ಆಸ್ಪತ್ರೆಯಲ್ಲಿ ವೈದ್ಯರು "ಏನಾಯ್ತು?" ಎಂದೊಡನೆ, ಅವಳು ಯಾವ ಮದ್ದು, ಯಾವಾಗ ಬೆರೆಸಿದ್ದು, ಎಷ್ಟು ಹೊತ್ತಿಗೆ ಹಾಕಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ವೈದ್ಯರು ಮತ್ತೇನೂ ಕೇಳದೆ ಗ್ಲೂಕೋಸ್ ಏರಿಸಿದರು, ಔಷಧಿ ಶುರುಮಾಡಿದರು. "ಬೆಳಗಿನವರೆಗೆ ಬಿಟ್ಟಿದ್ರೆ ಕೂಸು ಕೈಲಿರ್ತಿರ್ಲಿಲ್ಲ" ಎಂದರು. ಮೂರನೆಯ ದಿನ ಕೂಸು, ಕೂಲಿಯಿಂದ ಹಿಂದೆಯೇ ಓಡಿಬಂದಿದ್ದ ತಾಯಿಯ ಎದೆಹಾಲು ಕುಡಿಯಿತು. ಉಳಿದಿಬ್ಬರಿಗೆ ಏನೂ ಆಗಲಿಲ್ಲ.

ಶಾಂತಕುಮಾರಿ ಮೂರು ತಿಂಗಳು ಅಮಾನತಿನಲ್ಲಿದ್ದಳು. ರಾಧಮ್ಮ ಮಾತು ಬಿಟ್ಟರು. ವಿಧೇಯಳಾಗಿದ್ದಕ್ಕೆ ದೇವರು ಕೂಸನ್ನು ಉಳಿಸಿದ ಎಂದು ಸಭೆಯವರು ಹೊಗಳಿದಾಗ ಅವಳು ಒಪ್ಪಲಿಲ್ಲ. "ಕೂಸು ಹೋಗಿದ್ರೂ ನಾನು ಹೇಳ್ಲೇಬೇಕಿತ್ತು. ಉಳೀತು, ಅದು ಆತನ ಕರುಣೆ" ಎಂದಳು.

ಆ ಜಾಗಕ್ಕೆ ಬೇರೆ ಯಾರೂ ಬರಲೊಪ್ಪದೆ ಮತ್ತೆ ಅವಳನ್ನೇ ಹಾಕಿದರು. ಒಂದು ವರ್ಷ ಹಟ್ಟಿಯಲ್ಲಿ ಅವಳ ಮುಂದೆ ಕೂಸು ತಂದವರು ಕಡಿಮೆ. ದುರುಗೇಶ್ ಎದುರಾದರೆ ಮುಖ ತಿರುಗಿಸುತ್ತಿದ್ದ.

2001ರಲ್ಲಿ ಅವನಿಗೆ ಗಂಡುಮಗು ಹುಟ್ಟಿತು. ಒಂಬತ್ತು ತಿಂಗಳು ತುಂಬಿದ ಗುರುವಾರ ದಡಾರದ ಚುಚ್ಚುಮದ್ದಿಗೆಂದು ತಾನೇ ಎತ್ತಿಕೊಂಡು ಬಂದು ಅವಳ ಮುಂದೆ ಕುಳಿತ.

"ಹೆದ್ರಿಕೆ ಇಲ್ವೇನಪ್ಪ?" ಎಂದು ಕೇಳಿದಳು.

"ಐತ್ರಿ" ಎಂದ. ಮಗುವಿನ ತೋಳನ್ನು ಮುಂದೆ ಹಿಡಿದ. "ಆದ್ರೆ ಏನಾನ ಆದ್ರೆ ನೀವು ಬಂದು ಹೇಳ್ತೀರಿ. ಹಾಕ್ರಿ."