ಗ್ರಾಮಸಭೆಯಲ್ಲಿ ಸೆಲ್ವಿಯ ಮಾತು

ಆಲ್ದೂರಿನಾಚೆ ಶಾಲೆಯೊಂದರಲ್ಲಿ ಗ್ರಾಮಸಭೆ ನಡೆದಿತ್ತು. ಊರು ನೋಡಲು ನನ್ನ ಜೊತೆ ಬಂದಿದ್ದ ಶ್ರೀಲಂಕಾದ ತಮಿಳರೊಬ್ಬರು, ವೃತ್ತಿಯಲ್ಲಿ ಮೇಷ್ಟ್ರು, ಅದನ್ನು ನೋಡಬೇಕೆಂದರು, ಹೋಗಿ ಕುಳಿತೆವು. ಎಸ್ಟೇಟಿನ ಕೂಲಿ ಹೆಂಗಸು ಸೆಲ್ವಿ ಎದ್ದು, ಕೂಲಿಯವರ ಲೈನ್ ಮನೆಗಳಿಗೆ ನಲ್ಲಿ ಬೇಕೆಂದು ಕನ್ನಡದಲ್ಲಿ ಹೇಳಹೋಗಿ ತಡವರಿಸಿದಳು. ಯಾರೋ ನಕ್ಕರು.

ಅಧ್ಯಕ್ಷೆ ಗಿರಿಜಮ್ಮ ಗದರಿದರು: “ನಗೋದೆಂಥದು ಮಾರಾಯ? ಸೆಲ್ವಿ, ನೀನು ತಮಿಳಲ್ಲೇ ಹೇಳು. ನಮ್ಗೆ ಅರ್ಥ ಆಗುತ್ತೆ.”

ಸೆಲ್ವಿಯ ದನಿ ಗಟ್ಟಿಯಾಯಿತು. ನಲ್ಲಿ ಹಾಕಿಸಲು ಸಭೆ ಒಪ್ಪಿತು.

ಮೇಷ್ಟ್ರು ನನ್ನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದರು: “ನಮ್ಮಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಎಂಬ ಕಾನೂನು ಬಂದಾಗ ಅಪ್ಪನ ಸರ್ಕಾರಿ ಕೆಲಸ ಹೋಯಿತು. ಆಮೇಲೆ ದೇಶವೇ ಹೊತ್ತಿಕೊಂಡಿತು.”

ನಮ್ಮ ಜನರ ಬಗ್ಗೆ ನನಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಗಿರಿಜಮ್ಮ ನಮ್ಮತ್ತ ತಿರುಗಿದರು. “ಅತಿಥಿಗಳು ನಾಲ್ಕು ಮಾತಾಡ್ತೀರಾ?”

ಮೇಷ್ಟ್ರು ಎದ್ದರು. ಸಭೆಗೆಲ್ಲ ಕೈಮುಗಿದು ಕುಳಿತರು.