ನನ್ನ ಅಂಗಳದ ಅಡ್ಡರಸ್ತೆ

ನಕ್ಷೆಯನ್ನು ನಂಬಿ ಕೆಟ್ಟವನು ನಾನು. ಅದೂ ನಕ್ಷೆ ಬರೆದೇ ಅನ್ನ ತಿಂದವನು! ಕೋರಮಂಡಲ್‌ನ ಚಿನ್ನದ ಗಣಿಯಲ್ಲಿ ಸುರಂಗಗಳ ನಕ್ಷೆ ಎಳೆಯುತ್ತ ತಲೆ ನರೆಸಿಕೊಂಡೆ. ಸಾವಿರಾರು ಅಡಿ ಆಳದಲ್ಲಿ ಯಾವ ದಾರಿ ಎತ್ತ ತಿರುಗುತ್ತದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ನಿವೃತ್ತನಾದ ಮೇಲೆ ನೋಡಿದರೆ, ನೆಲದ ಮೇಲೆ ನನ್ನ ಮನೆಗೇ ದಾರಿಯಿಲ್ಲ.

ಬಂಗಾರಪೇಟೆ ಆಗ ಬೂದಿಕೋಟೆಯ ಕಡೆಗೆ ಕಾಲು ಚಾಚುತ್ತಿತ್ತು. ಒಂದು ಹುರುಳಿ ಹೊಲಕ್ಕೆ ಕಲ್ಲು ನೆಟ್ಟು, ಬಡಾವಣೆಯೆಂದು ನಾಮಕರಣ ಮಾಡಿ ಮಾರಿದರು. ನಕ್ಷೆಯಲ್ಲಿ ಆರು ಅಡ್ಡರಸ್ತೆ, ಮನೆಮನೆಗೂ ನಲ್ಲಿ, ಹಸಿರು ಶಾಯಿಯ ಉದ್ಯಾನ. ಸ್ಥಳದಲ್ಲಿ ಕಲ್ಲುಗಳಷ್ಟೇ ನಿಜ. ನಾನು ಒಂದು ಸೈಟು ಕೊಂಡು ಮನೆ ಕಟ್ಟಿ ಕಾಂಪೌಂಡು ಎಬ್ಬಿಸಿದೆ. ಗಾರೆ ಆರುವ ಮೊದಲೇ ಹಿಂಬದಿಯ ಮನೆಯ ಮುನಿಯಮ್ಮನ ನಾಲ್ಕು ಹಸುಗಳು ಮೇವು ಮುಗಿಸಿ ಬಂದು, ಬಾಗಿಲು ತೆರೆಯಲೆಂದು ಕಾಯುವ ನೆಂಟರಂತೆ ಗೋಡೆಯ ಮುಂದೆ ನಿಂತವು. ಅವು ಹಟ್ಟಿಗೆ ಹೋಗುವ ದಾರಿ ನನ್ನ ಅಂಗಳದ ನಟ್ಟನಡುವೆ ಇತ್ತಂತೆ.

"ಏನ್ ಸಾಮೀ, ದಾರಿಗೇ ಗೋಡೆ ಇಕ್‌ಬುಟ್ರಾ?" ಎಂದಳು ಮುನಿಯಮ್ಮ.

"ನಕ್ಷೆಯಲ್ಲಿ ಇಲ್ಲಿ ದಾರಿಯಿಲ್ಲಮ್ಮಾ" ಎಂದೆ, ಗಂಭೀರವಾಗಿ.

"ನೀವ್ ಓದಿದೀರ, ಅಸು ಓದೈತಾ? ಸುತ್ತಾಕ್ಕೊಂಡು ಓಗಿ ಆಲು ಕರೆಯೋದ್ರಾಗೆ ಡೈರಿ ಬಾಗ್ಲು ಆಕ್ತಾರೆ. ಓಗ್ಲಿ, ನಿಮ್ ನಕ್ಷೆನಾಗೆ ನಲ್ಲಿ ಐತಲ್ಲ? ನಾಳೆಯಿಂದ ಅದ್ರಾಗೇ ನೀರು ಇಡ್ಕಳಿ."

ನಾವು ಕುಡಿಯುತ್ತಿದ್ದುದು ಅವಳ ಬಾವಿಯ ನೀರು.

ಪುರಾತನ ಪಟ್ಟಣಗಳ ಬೀದಿಗಳನ್ನು ಮೊದಲು ಗುರುತಿಸಿದ್ದು ದನಗಳ ಗೊರಸೇ ಇರಬೇಕೆಂದು ನನಗೆ ಅಂದು ಹೊಳೆಯಿತು. ಮರುದಿನ ಒಣಗಿದ ಕೊಡ ಹಿಡಿದು ನನ್ನಾಕೆ ಎದುರು ನಿಂತಾಗ ಈ ಸಿದ್ಧಾಂತ ಇನ್ನೂ ದೃಢವಾಯಿತು. ಗಾರೆಯವನನ್ನು ಕರೆಸಿ, ಅವನೇ ಕಟ್ಟಿದ ಗೋಡೆಯನ್ನು ಎರಡೂ ಕಡೆ ಒಡೆಸಿದೆ. ಕಟ್ಟುವಾಗ ಇಲ್ಲದ ಉತ್ಸಾಹ ಅವನಿಗೆ ಒಡೆಯುವಾಗ ಇತ್ತು.

ಹಸುಗಳು ಹೋದವು. ಅವುಗಳ ಹಿಂದೆ ಹಾಲಿನ ಕ್ಯಾನಿನ ಸೈಕಲ್ಲುಗಳು, ರೈಲಿಗೆ ಓಡುವವರು, ಆಮೇಲೆ ಇಟ್ಟಿಗೆ ಗಾಡಿ. ಇಡೀ ಬಡಾವಣೆಯಲ್ಲಿ ಜನ ನಡೆದಾಡಬಲ್ಲ ರಸ್ತೆ ಇರುವುದು ಈಗ ಅದೊಂದೇ. ನನ್ನಾಕೆಯ ಕನಕಾಂಬರ ಗಿಡಗಳು ಸಾರ್ವಜನಿಕ ಹಿತಕ್ಕಾಗಿ ಪ್ರಾಣ ಬಿಟ್ಟವು. ನೀರಿಗೆ ಮಾತ್ರ ಕೊರತೆಯಿಲ್ಲ.

ಮೊನ್ನೆ ಸಂಜೆ ಅಂಗಳದಲ್ಲಿ ಪತ್ರಿಕೆ ಓದುತ್ತ ಕೂತಿದ್ದೆ. ಹೊಸದಾಗಿ ಸೈಟು ಕೊಂಡ ಮಹಾಶಯನೊಬ್ಬ ಸ್ಕೂಟರಿನ ಹಾರ್ನ್ ಒತ್ತಿ ಗದರಿದ: "ಏನ್ ಯಜಮಾನ್ರೇ, ರೋಡ್‌ನಾಗೆ ಕುರ್ಚಿ ಆಕ್ಕೊಂಡು ಕೂತಿದೀರಲ್ಲ! ಇಂಗಾದ್ರೆ ಊರು ಬೆಳೆಯೋದು ಎಂಗೆ?"

ಪಹಣಿ, ಕ್ರಯಪತ್ರ, ನಕ್ಷೆ ಎಲ್ಲ ಒಳಗೆ ಪೆಟ್ಟಿಗೆಯಲ್ಲಿದ್ದವು. ನಾನು ಕುರ್ಚಿ ಎತ್ತಿಕೊಂಡು ಗೋಡೆಗೆ ಒತ್ತಿಕೊಂಡು ನಿಂತೆ. ಊರು ಬೆಳೆಯಲು ಅಡ್ಡ ಬಂದ ಅಪಕೀರ್ತಿ ಈ ವಯಸ್ಸಿನಲ್ಲಿ ನನಗೇಕೆ?