ಹಿಂದಿನ ಸೀಟಿನ ಕಿವಿ

"ಎಲ್ಲಿ ಅಡಗಿ ಕೂತಿದ್ದೀಯಪ್ಪಾ ನೀನು?"

ಶಾಲಾ ವ್ಯಾನಿನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತ ಗ್ಯಾರೇಜಕ್ಕ ಹೀಗೆ ಕೇಳುವುದು ಯಾರನ್ನೂ ಅಲ್ಲ. ಬೆಳಗಿನ ಐದೂವರೆ, ಬೀದಿದೀಪ ಇನ್ನೂ ಆರಿಲ್ಲ. ಸ್ಟೀರಿಂಗ್ ಹಿಡಿದ ಗಂಡ ಮೇಸ್ತ್ರಿಗೆ ಆ ಮಾತು ಕೇಳುವುದಿಲ್ಲ. ಸುತ್ತಿಗೆ ಏಟುಗಳ ನಡುವೆ ಸವೆದ ಅವರ ಕಿವಿ ಮಂದವಾಗಿ ಹನ್ನೊಂದು ವರ್ಷವಾಯಿತು. ಪಕ್ಕದಲ್ಲಿ ವ್ಯಾನಿನ ಡ್ರೈವರ್ ಚಡಪಡಿಸುತ್ತಿದ್ದಾನೆ. ನಾಲ್ಕು ದಿನದಿಂದ ಗಾಡಿಯಲ್ಲೊಂದು 'ಗುಂಯ್' ಸದ್ದು. ಏಳೂವರೆಗೆ ಮಕ್ಕಳನ್ನು ಹತ್ತಿಸಿಕೊಳ್ಳಬೇಕು.

ಅಕ್ಕ ಗಂಡನ ಬೆನ್ನು ತಟ್ಟುತ್ತಾರೆ. ಮೇಸ್ತ್ರಿ ಗಾಡಿಯನ್ನು ನ್ಯೂಟ್ರಲ್ಲಿಗೆ ತಂದು ಉರುಳಲು ಬಿಡುತ್ತಾರೆ. ಎಂಜಿನ್ ತಗ್ಗಿದರೂ ಸದ್ದು ತಗ್ಗುವುದಿಲ್ಲ. ಡಾಂಬರು ಮುಗಿದು ಕಾಂಕ್ರೀಟು ಬಂದರೂ ಅದೇ ರಾಗ, ಹಾಗಾದರೆ ಟೈರಿನದಲ್ಲ. ಅಕ್ಕ ಗಂಡನ ಬಲಭುಜ ಮುಟ್ಟುತ್ತಾರೆ. ಗಾಡಿ ಬಲಕ್ಕೆ ತಿರುಗುತ್ತದೆ, ಭಾರ ಎಡಚಕ್ರಗಳ ಮೇಲೆ ಬೀಳುತ್ತದೆ, ಸದ್ದು ದಪ್ಪಗಾಗುತ್ತದೆ. ನೆಲಕ್ಕೊತ್ತಿದ ಬರಿಗಾಲಿನ ಹಿಮ್ಮಡಿಗೂ ಸಣ್ಣ ನಡುಕ.

"ಹಿಂದಿನ ಎಡ ವೀಲು. ಬೇರಿಂಗು ಹೋಗಿದೆ."

ದಿನಕ್ಕೆ ನಾಲ್ಕೈದು ಗಾಡಿ, ಒಂದೊಂದಕ್ಕೂ ಮೂರು ಕಿಲೋಮೀಟರ್ ಸುತ್ತು. ಗ್ಯಾರೇಜಿನ ಬೋರ್ಡಿನಲ್ಲಿರುವುದು ಮಾತ್ರ ಮೇಸ್ತ್ರಿಯ ಹೆಸರು.

ಅಕ್ಕನ ಅಪ್ಪ ಮುಂಜಾನೆ ಪದ್ಯ ಹೇಳುತ್ತಿದ್ದರಂತೆ. ಒಂದು ಮಾತ್ರೆ ಜಾರಿದರೂ ಒಲೆಯ ಮುಂದಿನ ಹುಡುಗಿ ತಲೆಯೆತ್ತುತ್ತಿದ್ದಳಂತೆ. ಆ ಕಿವಿಗೆ ಚಕ್ರಗಳ ಪಾಠ ಸಿಕ್ಕಿದ್ದು ಮದುವೆಯ ನಂತರ. "ಆಗ ನಮಗೆಲ್ಲಿ ಸುತ್ತಾಟ? ರಿಪೇರಿಯಾದ ಗಾಡಿ ಟ್ರಯಲ್ಲಿಗೆ ಹೋಗ್ತಿತ್ತಲ್ಲ, ಅದೇ ನಮ್ಮ ಸುತ್ತಾಟ. ಯಾರದೋ ಕಾರಲ್ಲಿ ರಾಣಿ ಥರ ಹಿಂದೆ ಕೂತ್ಕೋತಿದ್ದೆ. ಇವರು ಕಿಟಕಿ ಇಳಿಸಿ, ಇದು ಟೈರು ಕಣೇ, ಇದು ಬೇರಿಂಗು ಅಂತ ಹೇಳಿಕೊಡೋರು. ಬೇರೆಯವರ ಗಂಡಂದಿರು ಏನೇನು ಪಿಸುಗುಡ್ತಿದ್ರೋ, ನಮ್ಮನೆಯವರದ್ದು ಇಷ್ಟೇ!" ಅಕ್ಕ ನಗುತ್ತಾರೆ. ನಗು ಮುಗಿದ ಮೇಲೂ ಕಣ್ಣು ಆ ದಾರಿಯಲ್ಲೇ ಇರುತ್ತದೆ. "ಈಗ ಜನ ಗಾಜು ಏರಿಸ್ಕೊಂಡು ಓಡಾಡ್ತಾರೆ. ಪಾಪ, ಗಾಡಿ ಕೂಗಿಕೊಂಡ್ರೂ ಕೇಳೋರಿಲ್ಲ."

"ಕಿವಿ ಹೋಗಿದ್ದು ಒಂದು ರೀತಿ ಒಳ್ಳೇದೇ, ಇವಳ ಬೈಗುಳ ಕೇಳಲ್ಲ," ಎನ್ನುತ್ತಾರೆ ಮೇಸ್ತ್ರಿ.

"ನಂಬಬೇಡಿ, ತುಟಿ ನೋಡಿ ತಿಳ್ಕೋತಾರೆ."

ಗ್ಯಾರೇಜಿನಲ್ಲಿ ಜಾಕ್ ಏರುತ್ತದೆ. ಮೇಸ್ತ್ರಿ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸುತ್ತಾರೆ. ಅದು ಸಡಿಲ ಹಲ್ಲಿನಂತೆ ಆಡುತ್ತದೆ. ತಿರುಗಿಸಿದರೆ ಒಳಗೆ ಮರಳು ಅರೆದ ಹಾಗೆ. ಹೀಗೇ ಓಡಿಸಿದರೆ ಚಕ್ರ ದಾರಿಯಲ್ಲೇ ಕಳಚಬಹುದು. ಹೊಸ ಬೇರಿಂಗು ಸಿಗುವುದು ಹತ್ತಕ್ಕೆ, ಅಂಗಡಿ ತೆಗೆದ ಮೇಲೆ.

ಡ್ರೈವರ್ ಗಡಿಯಾರ ನೋಡುತ್ತಾನೆ. "ಅಕ್ಕಾ, ಒಂದೇ ಟ್ರಿಪ್ಪು. ಇಪ್ಪತ್ತರ ಮೇಲೆ ಓಡಿಸಲ್ಲ, ದೇವರಾಣೆ. ಹದಿನೈದು ವರ್ಷದಿಂದ ಬೇರೆ ಗ್ಯಾರೇಜಿನ ಮುಖ ನೋಡಿಲ್ಲ ನಾನು. ಇವತ್ತು ಹೋಗ್ಲಿಲ್ಲ ಅಂದ್ರೆ ಸ್ಕೂಲಿನವರು ಬೇರೆ ವ್ಯಾನು ಹಿಡೀತಾರೆ. ಕೀ ಕೊಡಿ."

ಮೇಸ್ತ್ರಿ ಹೆಂಡತಿಯ ಮುಖ ನೋಡಿ, ಕೀಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ.

"ಸ್ಕೂಲಿಗೆ ಫೋನ್ ಹಚ್ಚು, ನಾನೇ ಮಾತಾಡ್ತೀನಿ," ಅಕ್ಕ ಕೈಯೊರೆಸಿಕೊಳ್ಳುತ್ತಾರೆ. "ನಾಳೆಯಿಂದ ಬೇರೆ ಗ್ಯಾರೇಜಿಗೆ ಹೋಗ್ತೀಯಾ, ಹೋಗಪ್ಪ. ಕೀ ಕೊಡಲ್ಲ."